ಕೇಳಿದ್ದೀರಿ, ಹೇಳಿದ್ದೇವೆ: ವಿಯೆನ್ನಾದ ಹಕೋಆ ಕ್ಲಬ್ಬೂ ನಮ್ಮೂರ ಮೈದಾನವೂ

ಕಳೆದ ಸಂಚಿಕೆಯಲ್ಲಿ ವಿಯೆನ್ನಾದ ಯಹೂದಿ ಫುಟ್‌ಬಾಲ್ ಕ್ಲಬ್ ಹಕೋಆ ಬಗ್ಗೆ ಅರ್ಧ ಪುಟ ಬರೆದಿದ್ದೆವು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಒಟ್ಟು ಹಾಕಿದರೆ ಆ ಅರ್ಧ ಪುಟಕ್ಕಿಂತ ಎಷ್ಟೋ ಪಾಲು ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿದ್ದೇವೆ. ಉತ್ತರ ನಮ್ಮ ಕ್ರೀಡಾ ವಿಭಾಗದ್ದು.

ಪ್ರಶ್ನೆ: ಒಂದೇ ಧರ್ಮದವರು ಸೇರಿ ಕ್ಲಬ್ ಕಟ್ಟಿಕೊಂಡರೆ ಅದು ನಮ್ಮ ಕಡೆಯ ಜಾತಿ ಕಪ್ಪಿನ ಹಾಗೇ ಆಯಿತಲ್ಲ? ಅದನ್ನು ಹೊಗಳುವುದೇಕೆ?
(ಕಾಲೇಜು ಅಧ್ಯಾಪಕ, ಬಟವಾಡಿ, ತುಮಕೂರು)

ಉತ್ತರ: ಬಾಗಿಲು ಮುಚ್ಚಿದವರು ಯಾರು ಎಂದು ಮೊದಲು ಕೇಳಬೇಕು. ಹತ್ತೊಂಬತ್ತನೇ ಶತಮಾನದ ಕೊನೆಗೆ ವಿಯೆನ್ನಾದ ಹಲವು ವ್ಯಾಯಾಮ ಸಂಘಗಳು ‘ಆರ್ಯರಲ್ಲದವರಿಗೆ ಸದಸ್ಯತ್ವ ಇಲ್ಲ’ ಎಂಬ ನಿಬಂಧನೆಯನ್ನು ತಮ್ಮ ನಿಯಮಾವಳಿಯಲ್ಲೇ ಬರೆದುಕೊಂಡಿದ್ದವು. ಮುಂದೆ ಪರ್ವತಾರೋಹಿಗಳ ಸಂಘಕ್ಕೂ ಅದೇ ಗಾಳಿ ಬೀಸಿತು. ಆ ಊರಿನ ಯಹೂದಿ ಹುಡುಗನಿಗೆ ಈಜು, ಕುಸ್ತಿ, ಕತ್ತಿವರಸೆ ಕಲಿಯಲು ಹೋಗುವುದಕ್ಕೆ ಜಾಗ ಕಡಿಮೆ. ಜೊತೆಗೆ ‘ಯಹೂದಿ ಎಂದರೆ ಪುಸ್ತಕದ ಹುಳು, ಮೈಯಲ್ಲಿ ಕಸುವಿಲ್ಲ’ ಎಂಬ ಕುಚೋದ್ಯ ಬೇರೆ. 1898ರ ಎರಡನೇ ಜಿಯೋನಿಸ್ಟ್ (ಯಹೂದಿಯರಿಗೆ ಸ್ವಂತ ನಾಡು ಬೇಕೆನ್ನುವವರ) ಸಮ್ಮೇಳನದಲ್ಲಿ ಲೇಖಕ ಮ್ಯಾಕ್ಸ್ ನೋರ್ಡೌ ‘ಸ್ನಾಯುಬಲದ ಯಹೂದಿತನ’ ಬೇಕು ಎಂದು ಕರೆ ಕೊಟ್ಟಿದ್ದು ಇದಕ್ಕೇ. ಬರ್ಲಿನ್ನಿನಲ್ಲಿ ಬಾರ್ ಕೋಖ್ಬಾ ವ್ಯಾಯಾಮ ಸಂಘ ಹುಟ್ಟಿದ್ದೂ ಅದೇ ವರ್ಷ.

ಹಕೋಆ ಹುಟ್ಟಿದ್ದು 1909ರಲ್ಲಿ. ಹೀಬ್ರೂ ಭಾಷೆಯಲ್ಲಿ ಆ ಹೆಸರಿಗೆ ಶಕ್ತಿ ಎಂದರ್ಥ. ಸ್ಥಾಪಕರಲ್ಲಿ ಇಬ್ಬರ ಹೆಸರು ಮುಖ್ಯ: ಲಘು ಗೀತನಾಟಕಗಳಿಗೆ ಸಾಹಿತ್ಯ ಬರೆಯುತ್ತಿದ್ದ ಫ್ರಿಟ್ಜ್ ಲೋನರ್ ಬೇಡಾ ಮತ್ತು ದಂತವೈದ್ಯ ಇಗ್ನಾಜ್ ಕೋರ್ನರ್. ಫುಟ್‌ಬಾಲ್ ಅದರ ಒಂದು ವಿಭಾಗ ಮಾತ್ರ. ಈಜು, ಕುಸ್ತಿ, ಹಾಕಿ, ಅಥ್ಲೆಟಿಕ್ಸ್, ಕತ್ತಿವರಸೆ ಎಲ್ಲವೂ ಇದ್ದವು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರಿಯಾಕ್ಕೆ ಎರಡು ಕಂಚು ತಂದ ಹೆವಿವೇಟ್ ಪೈಲ್ವಾನ್ ಮಿಕಿ ಹಿರ್ಷ್ಲ್ ಇದೇ ಕ್ಲಬ್ಬಿನವನು. ಫುಟ್‌ಬಾಲ್ ಪಂದ್ಯದಲ್ಲಿ ಗಲಾಟೆಯ ವಾಸನೆ ಬಂದರೆ ಕುಸ್ತಿ ವಿಭಾಗದವರು ಗೆರೆಯ ಪಕ್ಕ ಬಂದು ನಿಲ್ಲುತ್ತಿದ್ದರು. ಪೊಲೀಸರಿಗಿಂತ ಅದೇ ಹೆಚ್ಚು ಕೆಲಸಕ್ಕೆ ಬರುತ್ತಿತ್ತಂತೆ.

ಆದರೆ ನಿಮ್ಮ ಆಕ್ಷೇಪಕ್ಕೆ ಬಲವಿಲ್ಲದೆ ಇಲ್ಲ. ಆಗ ವಿಯೆನ್ನಾದಲ್ಲಿ ಸುಮಾರು 2 ಲಕ್ಷ ಯಹೂದಿಯರಿದ್ದರು, ಎಲ್ಲರೂ ಹಕೋಆ ಅಭಿಮಾನಿಗಳಾಗಿರಲಿಲ್ಲ. ‘ನಾವು ಮೊದಲು ವಿಯೆನ್ನಾದವರು’ ಎನ್ನುವ ಮಧ್ಯಮ ವರ್ಗದವರು ಅಮೆಟ್ಯೂರ್ ಕ್ಲಬ್ಬಿಗೆ, ಅಂದರೆ ಮುಂದೆ ಎಫ್‌ಕೆ ಆಸ್ಟ್ರಿಯಾ ಆದ ತಂಡಕ್ಕೆ ಹೋಗುತ್ತಿದ್ದರು. ಮುಂದೆ ಅದರ ಅಧ್ಯಕ್ಷನಾದ ಎಮಾನ್ಯುಯೆಲ್ ಶ್ವಾರ್ಟ್ಜ್ ಯಹೂದಿ. ದೇಶದ ತಂಡವನ್ನು ಕಟ್ಟಿದ ಹ್ಯೂಗೋ ಮೈಸ್ಲ್ ಕೂಡ ಯಹೂದಿ. ಆಟಗಾರರು ಎಲ್ಲ ಬಗೆಯವರು. ಹಕೋಆ ಮಾತ್ರ ತನ್ನ ತಂಡಕ್ಕೆ ಯಹೂದಿಯರನ್ನೇ ಆರಿಸಿಕೊಂಡಿತು, ನೀಲಿ ಬಿಳಿ ಅಂಗಿಯ ಎದೆಯ ಮೇಲೆ ಆರು ಮೂಲೆಯ ನಕ್ಷತ್ರ ಹೊತ್ತು ಆಡಿತು. ಇದನ್ನು ಒಪ್ಪದ ಯಹೂದಿಯರು ಆಗಲೂ ಇದ್ದರು.

ನಮ್ಮಲ್ಲೇ ಹೋಲಿಕೆ ಹುಡುಕುವುದಾದರೆ ಜಾತಿ ಕಪ್ಪಿಗಿಂತ ಹತ್ತಿರದ್ದು ಇದೆ. 1937 ಮತ್ತು 1938ರಲ್ಲಿ ಮುಂಬೈಯ ರೋವರ್ಸ್ ಕಪ್ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ. ಕಲ್ಕತ್ತಾದಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ 1934ರಿಂದ 1938ರವರೆಗೆ ಸತತ ಐದು ಬಾರಿ ಲೀಗ್ ಗೆದ್ದಿತ್ತು. ಆ ಕಾಲದ ಮುಂಬೈ ಕ್ರಿಕೆಟ್ಟಿನ ಪಂಚಕೋನ ಟೂರ್ನಿಯಲ್ಲಿ ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ತಂಡಗಳಲ್ಲಿ ಸೇರದವರಿಗೆ ‘ದಿ ರೆಸ್ಟ್’ ಎಂಬ ತಂಡವಿತ್ತು. ಭಾರತದ ಯಹೂದಿಯರೂ ಕ್ರೈಸ್ತರೂ ಬರುತ್ತಿದ್ದದ್ದು ಅದರೊಳಗೆ. ಗೇಟ್ ಒಳಗೆ ಬಿಡದಿದ್ದವರು ಕಟ್ಟಿಕೊಂಡ ಕ್ಲಬ್ಬನ್ನೂ ಗೇಟ್ ಹಾಕಿಕೊಂಡವರು ನಡೆಸುವ ಕಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಮಗೆ ಒಪ್ಪಿಗೆಯಿಲ್ಲ.

ಪ್ರಶ್ನೆ: ಇಂಗ್ಲೆಂಡಿಗೆ ಹೋಗಿ ವೆಸ್ಟ್ ಹ್ಯಾಮ್ ತಂಡವನ್ನು 5-0ರಿಂದ ಸೋಲಿಸಿದ್ದು ನಿಜವೇ? ಆ ಕಾಲದ ಪತ್ರಿಕೆ ವರದಿ ನಾವೇ ಓದಲು ಆಗುತ್ತದೆಯೇ?
(ರಾಬರ್ಟ್‌ಸನ್‌ಪೇಟೆ, ಕೆಜಿಎಫ್)

ಉತ್ತರ: ನಿಜ. 1923ರಲ್ಲಿ, ಲಂಡನ್ನಿನಲ್ಲಿ. ಅದೇ ವರ್ಷ ಏಪ್ರಿಲ್‌ನಲ್ಲಿ ವೆಂಬ್ಲಿ ಕ್ರೀಡಾಂಗಣದ ಮೊಟ್ಟಮೊದಲ ಎಫ್‌ಎ ಕಪ್ ಫೈನಲ್‌ನಲ್ಲಿ ಬೋಲ್ಟನ್ ಎದುರು ಸೋತ ತಂಡವೇ ಈ ವೆಸ್ಟ್ ಹ್ಯಾಮ್. ಹಕೋಆ ಜೊತೆ ಆಡಿದ್ದು ಸೌಹಾರ್ದ ಪಂದ್ಯ ಎಂಬುದನ್ನು ಮರೆಯಬಾರದು. ಲೀಗ್ ಪಂದ್ಯದ ಬಿಗಿ ಅದಕ್ಕಿರಲಿಲ್ಲ. ಆದರೂ ಯುರೋಪಿನ ಮುಖ್ಯಭೂಮಿಯ ಕ್ಲಬ್ಬೊಂದು ಇಂಗ್ಲಿಷ್ ಕ್ಲಬ್ಬನ್ನು ಅದರ ನೆಲದಲ್ಲೇ ಮಣಿಸಿದ ಮೊದಲ ಪಂದ್ಯವೆಂದು ಅದನ್ನು ದಾಖಲಿಸುತ್ತಾರೆ. ಚೆಂಡನ್ನು ಎತ್ತಿ ಒದ್ದು ಹಿಂದೆ ಓಡುವುದು ಇಂಗ್ಲಿಷರ ರೂಢಿ. ಹತ್ತು ಹೆಜ್ಜೆಯೊಳಗಿನ ನೆಲಪಾಸುಗಳಲ್ಲಿ ಸಾಗುವುದು ವಿಯೆನ್ನಾ ಶೈಲಿ. ಆ ಸಂಜೆ ಎರಡನೆಯದು ಗೆದ್ದಿತು.

ಪತ್ರಿಕೆ ಓದಲು ದುಡ್ಡು ಬೇಡ. ಆಸ್ಟ್ರಿಯಾದ ರಾಷ್ಟ್ರೀಯ ಗ್ರಂಥಾಲಯ ಹಳೆಯ ಪತ್ರಿಕೆಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ‘ಆನ್ನೋ’ ಎಂಬ ಹೆಸರಿನಲ್ಲಿ ಉಚಿತವಾಗಿ ಇಟ್ಟಿದೆ. ಹುಡುಕುವ ಕ್ರಮ ಹೀಗಿರಲಿ. ಮೊದಲು ಪದದಿಂದ ಹುಡುಕಬೇಡಿ, ದಿನಾಂಕದಿಂದ ಹೋಗಿ. 1923 ಆರಿಸಿ, ಸೆಪ್ಟೆಂಬರ್ ತಿಂಗಳ ಮೊದಲ ವಾರಕ್ಕೆ ಹೋಗಿ, ಕ್ರೀಡಾ ಪತ್ರಿಕೆಗಳನ್ನು ತೆರೆಯಿರಿ. ಪಂದ್ಯದ ವರದಿ ಮರುದಿನವೇ ಬಂದಿರಬೇಕೆಂದಿಲ್ಲ, ಮೂರು ನಾಲ್ಕು ದಿನ ಮುಂದಕ್ಕೂ ನೋಡಿ. ಪದ ಹುಡುಕಾಟ ಕೈಕೊಡುವುದಕ್ಕೆ ಕಾರಣ ಲಿಪಿ. ಆ ಕಾಲದ ಜರ್ಮನ್ ಪತ್ರಿಕೆಗಳ ಬಹುಪಾಲು ಅಚ್ಚಾಗಿದ್ದು ಫ್ರಾಕ್ಟೂರ್ ಎಂಬ ಮುರಿದ ಅಕ್ಷರಗಳಲ್ಲಿ. ಕಂಪ್ಯೂಟರ್ ಅದರಲ್ಲಿನ ‘ಕೆ’ಯನ್ನು ‘ಟಿ’ ಎಂದೂ, ಉದ್ದನೆಯ ‘ಎಸ್’ ಅನ್ನು ‘ಎಫ್’ ಎಂದೂ ಓದುವುದು ಮಾಮೂಲು. ಹಾಗಾಗಿ ಹಕೋಆ ಸಿಗದಿದ್ದರೆ ‘ಹಟೋಆ’ ಎಂದು ಬರುವಂತೆ ಸ್ಪೆಲ್ಲಿಂಗ್ ಬದಲಿಸಿ ಹುಡುಕಿ. ತಮಾಷೆಯಲ್ಲ, ಸಿಗುತ್ತದೆ. ಸಿಕ್ಕ ಪುಟವನ್ನು ಮೊಬೈಲ್ ಅನುವಾದಕ್ಕೆ ಕೊಡುವ ಮೊದಲು ಬೇಕಾದ ಅಂಕಣವನ್ನಷ್ಟೇ ಕತ್ತರಿಸಿಕೊಳ್ಳಿ. ಇಡೀ ಪುಟ ಕೊಟ್ಟರೆ ಪಕ್ಕದ ಅಂಕಣದ ಕುದುರೆ ರೇಸು ಫುಟ್‌ಬಾಲ್ ವರದಿಯೊಳಗೆ ನುಗ್ಗುತ್ತದೆ.

ಪ್ರಶ್ನೆ: ಗೋಲಿ ಕೈ ಮುರಿದುಕೊಂಡ ಮೇಲೂ ಆಡಿ ಗೋಲು ಹೊಡೆದ ಎಂದು ಬರೆದಿರಿ. ಗೋಲಿ ಗೋಲು ಹೊಡೆಯುವುದು ಹೇಗೆ?
(ತಿಪಟೂರು)

ಉತ್ತರ: ಅಂದು ಬದಲಿ ಆಟಗಾರ ಎಂಬುದೇ ಇರಲಿಲ್ಲ. ವಿಶ್ವಕಪ್ಪಿನಲ್ಲಿ ಬದಲಿಗೆ ಅವಕಾಶ ಸಿಕ್ಕಿದ್ದೇ 1970ರಲ್ಲಿ. 1924-25ರ ಋತುವಿನ ಕೊನೆಯ ಹಂತದಲ್ಲಿ ವೀನರ್ ಸ್ಪೋರ್ಟ್ ಕ್ಲಬ್ ಎದುರು ಹಕೋಆ ಗೋಲಿ ಅಲೆಕ್ಸಾಂಡರ್ ಫಾಬಿಯಾನ್ ತೋಳು ಮುರಿಯಿತು. ಹೊರಗೆ ಹೋದರೆ ತಂಡದಲ್ಲಿ ಹತ್ತೇ ಜನ. ರೆಫರಿಗೆ ತಿಳಿಸಿ ಗೋಲಿಯ ಜಾಗಕ್ಕೆ ತಂಡದಲ್ಲೇ ಇನ್ನೊಬ್ಬನನ್ನು ನಿಲ್ಲಿಸಲು ನಿಯಮ ಒಪ್ಪುತ್ತಿತ್ತು. ಕೈಗೆ ಜೋಲಿ ಕಟ್ಟಿಕೊಂಡು ಫಾಬಿಯಾನ್ ಮುಂಚೂಣಿಗೆ ಹೋದ. ಕೆಲವೇ ನಿಮಿಷಗಳಲ್ಲಿ ಅವನೇ ಗೆಲುವಿನ ಗೋಲು ಹೊಡೆದ, ಪಂದ್ಯ 3-2. ಆ ಗೆಲುವು ಹಕೋಆವನ್ನು ಆಸ್ಟ್ರಿಯಾದ ಮೊದಲ ವೃತ್ತಿಪರ ಲೀಗಿನ ಚಾಂಪಿಯನ್ ಪಟ್ಟಕ್ಕೆ ದಾಟಿಸಿತು. ಗಾಯಗೊಂಡವನನ್ನು ಮೈದಾನದ ಅಂಚಿನಲ್ಲೋ ಮುಂದೆಯೋ ನಿಲ್ಲಿಸುವುದು ಆಗಿನ ಎಲ್ಲ ತಂಡಗಳ ರೂಢಿ: ಎದುರಾಳಿಯ ಒಬ್ಬ ಬ್ಯಾಕ್ (ರಕ್ಷಣಾ ಆಟಗಾರ) ಅವನ ಕಡೆ ಕಣ್ಣಿಡಲೇಬೇಕಾಗುತ್ತಿತ್ತು.

ಇಂದು ಮುರಿದ ಕೈಯಲ್ಲಿ ಯಾರೂ ಆಡಬಾರದು, ಆಡಿಸಲೂಬಾರದು.

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ 1925ರ ನಿಯಮಗಳಂತೆ ಒಂದು ಪ್ರದರ್ಶನ ಪಂದ್ಯ ಆಡಿಸಬೇಕೆಂದಿದ್ದೇವೆ. ಮೈದಾನಕ್ಕೆ ಗೆರೆ ಹಾಕುವುದರಿಂದ ಹಿಡಿದು ತಿಳಿಸಿ. ನಮ್ಮ ಮೈದಾನ ಸಣ್ಣದು, ನೆಲ ಕೆಂಪು ಮಣ್ಣಿನದು, ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿ.
(ದೈಹಿಕ ಶಿಕ್ಷಕ, ಚಿಕ್ಕಬಳ್ಳಾಪುರ ತಾಲ್ಲೂಕು)

ಉತ್ತರ: ನಿಯಮ ಒಪ್ಪುವ ಕನಿಷ್ಠ ಅಳತೆ 90 × 45 ಮೀಟರ್. ನಿಮಗೆ 90 × 55 ಸಿಗುತ್ತದೆ ಎಂದುಕೊಂಡು ಲೆಕ್ಕ ಕೊಡುತ್ತೇವೆ.

ಒಂದು ಮೂಲೆಯಲ್ಲಿ ಗೂಟ ಹೊಡೆದು ಉದ್ದದ ಗೆರೆಯ ಮೇಲೆ 8 ಮೀಟರ್, ಅಗಲದ ಗೆರೆಯ ಮೇಲೆ 6 ಮೀಟರ್ ಗುರುತು ಮಾಡಿ. ಆ ಎರಡು ಗುರುತುಗಳ ನಡುವೆ ಸರಿಯಾಗಿ 10 ಮೀಟರ್ ಬಂದರೆ ಮೂಲೆ ನೇರ. ನಾಲ್ಕೂ ಮೂಲೆ ಆದಮೇಲೆ ಎರಡು ಕರ್ಣ ಅಳೆಯಿರಿ. ಎರಡೂ 105 ಮೀಟರ್ 47 ಸೆಂಟಿಮೀಟರ್ ಇರಬೇಕು. ಐದಾರು ಸೆಂಟಿಮೀಟರ್ ವ್ಯತ್ಯಾಸ ಸರಿ, ಅರ್ಧ ಮೀಟರ್ ಬಂದರೆ ಒಂದು ಮೂಲೆ ವಾರೆಯಾಗಿದೆ. ಬಹುತೇಕ ಕಡೆ ಈ ತಪ್ಪಿಗೆ ಕಾರಣ ನೈಲಾನ್ ಹಗ್ಗ. ಬಿಸಿಲಲ್ಲಿ ಎಳೆದಷ್ಟೂ ಹಿಗ್ಗುತ್ತದೆ. ಅಳೆಯಲು ಟೇಪ್, ಗೆರೆ ನೇರ ಹಿಡಿಯಲು ಮಾತ್ರ ಹಗ್ಗ.

ಗೋಲ್ ಕಂಬಗಳ ನಡುವೆ 7.32 ಮೀಟರ್, ಎತ್ತರ 2.44. ಗೋಲ್ ಏರಿಯಾ 5.5 ಮೀಟರ್ ಆಳ, 18.32 ಅಗಲ. ಪೆನಾಲ್ಟಿ ಏರಿಯಾ 16.5 ಆಳ, 40.3 ಅಗಲ. ಪೆನಾಲ್ಟಿ ಚುಕ್ಕೆ ಗೋಲಿನಿಂದ 11 ಮೀಟರ್. ಮಧ್ಯದ ವೃತ್ತದ ತ್ರಿಜ್ಯ 9.15. ಪೆನಾಲ್ಟಿ ಏರಿಯಾದ ನೆತ್ತಿಯ ಮೇಲಿನ ಅರ್ಧಚಂದ್ರ ಹಾಕಲೇಬೇಡಿ, ಅದು ಬಂದದ್ದು 1937ರಲ್ಲಿ. ನಿಮ್ಮ ಪಂದ್ಯ ಹಳೆಯದು ಎಂದು ನೋಡುಗರಿಗೆ ಮೊದಲು ಕಾಣುವ ಗುರುತೇ ಅದು.

ಎಲ್ಲ ಗೆರೆ ಸೇರಿ ಸುಮಾರು 615 ಮೀಟರ್ ಆಗುತ್ತದೆ. 10 ಸೆಂಟಿಮೀಟರ್ ಅಗಲದ ಗೆರೆಗೆ ಮೀಟರಿಗೆ 100 ಗ್ರಾಂ ಎಂದು ಹಿಡಿದು 60 ಕಿಲೋ ಚಾಕ್ ಪೌಡರ್ ತರಿಸಿ, ಮಧ್ಯಂತರದಲ್ಲಿ ತಿದ್ದಲು ಇನ್ನು 10 ಕಿಲೋ ಇರಲಿ. ಮನೆಗೆ ಬಳಿಯುವ ಸುಣ್ಣ ಬೇಡವೇ ಬೇಡ. ಬೆವರು ತಾಗಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಹೋದರೆ ಅಪಾಯ. ಗಟ್ಟಿ ಕೆಂಪು ನೆಲದಲ್ಲಿ ಪುಡಿ ಕೂರುವುದಿಲ್ಲ, ಮೊದಲ ಗಾಳಿಗೇ ಹಾರುತ್ತದೆ. ಗೆರೆ ಬರುವ ಜಾಗವನ್ನು ಹಿಂದಿನ ಸಂಜೆ ನೀರು ಚಿಮುಕಿಸಿ ನೆನೆಸಿ, ಬೆಳಿಗ್ಗೆ ಮತ್ತೊಮ್ಮೆ ತೆಳುವಾಗಿ ಚಿಮುಕಿಸಿ, ಮಣ್ಣು ಕೈಗೆ ಅಂಟದಷ್ಟು ಆರಿದ ಮೇಲೆ ಪುಡಿ ಹಾಕಿ. ಕೆಸರಿನ ಮೇಲೆ ಹಾಕಿದರೆ ಬಿಳಿ ಉಳಿಯುವುದಿಲ್ಲ.

ಈಗ ನಿಯಮಗಳು. ತಂಡಕ್ಕೆ 11 ಜನ, ಬದಲಿ ಇಲ್ಲ. ಅಂಗಿಯ ಮೇಲೆ ಸಂಖ್ಯೆ ಇಲ್ಲ. ಹಳದಿ, ಕೆಂಪು ಕಾರ್ಡ್ ಇಲ್ಲ, ಅವೂ 1970ರವು. ಬಾಯಿಮಾತಿನ ಎಚ್ಚರಿಕೆ ಕೊಡಿ. ತನ್ನವರು ಕಾಲಲ್ಲಿ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲಿ ಕೈಯಲ್ಲಿ ಹಿಡಿಯಬಹುದು, ಅದಕ್ಕೆ ತಡೆ ಬಂದದ್ದು 1992ರಲ್ಲಿ. ಕಾರ್ನರ್ ಕಿಕ್ ನೇರ ಗೋಲಾದರೆ ಗೋಲೇ, 1924ರಿಂದ ಒಪ್ಪಿಗೆಯಿದೆ. ಆಟಗಾರರನ್ನು 2-3-5 ಎಂದು ನಿಲ್ಲಿಸಿ: ಇಬ್ಬರು ಬ್ಯಾಕ್, ಮೂವರು ಹಾಫ್, ಐವರು ಫಾರ್ವರ್ಡ್. ನಡುವಿನ ಸೆಂಟರ್ ಹಾಫ್ ಇಡೀ ತಂಡದ ಚುಕ್ಕಾಣಿ. ಹಕೋಆದಲ್ಲಿ ಆ ಜಾಗ ಬೇಲಾ ಗುಟ್‌ಮನ್‌ನದು.

ತಲೆ ತಿನ್ನುವುದು ಆಫ್‌ಸೈಡ್. 1925ರ ಜೂನ್ ವರೆಗೆ ನಿಯಮ ಹೀಗಿತ್ತು: ಚೆಂಡು ಒದ್ದ ಕ್ಷಣದಲ್ಲಿ ಎದುರಾಳಿ ಅಂಗಳದಲ್ಲಿ ಚೆಂಡಿಗಿಂತ ಮುಂದಿರುವ ಫಾರ್ವರ್ಡ್‌ಗೂ ಗೋಲ್ ಗೆರೆಗೂ ನಡುವೆ ಕನಿಷ್ಠ ಮೂವರು ಎದುರಾಳಿಗಳಿರಬೇಕು, ಇಲ್ಲದಿದ್ದರೆ ಆಫ್‌ಸೈಡ್ ಸೀಟಿ. ಈಗ ಇಬ್ಬರು ಸಾಕು. ಮೂವರೆಂದರೆ ಸಾಮಾನ್ಯವಾಗಿ ಗೋಲಿ ಮತ್ತು ಇಬ್ಬರು ಬ್ಯಾಕ್. ಒಬ್ಬ ಬ್ಯಾಕ್ ನಾಲ್ಕು ಹೆಜ್ಜೆ ಮುಂದೆ ಬಂದರೂ ಲೆಕ್ಕ ಎರಡಕ್ಕಿಳಿದು ಐದೂ ಫಾರ್ವರ್ಡ್‌ಗಳು ಬಲೆಗೆ ಬೀಳುತ್ತಾರೆ. ನ್ಯೂಕಾಸಲ್ ತಂಡದ ಬಿಲ್ ಮೆಕ್ರಾಕೆನ್ ಈ ಬಲೆ ಬೀಸುವುದರಲ್ಲಿ ನಿಸ್ಸೀಮ. ಆಟ ಸೀಟಿಯಿಂದ ಸೀಟಿಗೆ ಕುಂಟತೊಡಗಿದ್ದರಿಂದಲೇ ನಿಯಮ ಬದಲಾಯಿತು. ಬದಲಾದ ಮೊದಲ ಋತುವಿನಲ್ಲೇ ಇಂಗ್ಲಿಷ್ ಲೀಗಿನ ಒಟ್ಟು ಗೋಲು 4,700ರಿಂದ 6,373ಕ್ಕೆ ಏರಿತು. ಇದನ್ನೇ ಮಕ್ಕಳಿಗೆ ಕಣ್ಣಾರೆ ತೋರಿಸಿ: ಮೊದಲ 20 ನಿಮಿಷ ಮೂವರ ನಿಯಮ, ನಂತರದ 20 ನಿಮಿಷ ಇಬ್ಬರ ನಿಯಮ. ಪ್ರತಿ ಅರ್ಧದಲ್ಲಿ ಆಫ್‌ಸೈಡ್ ಸೀಟಿ ಎಷ್ಟು ಬಾರಿ ಊದಿತು ಎಂದು ಒಬ್ಬ ವಿದ್ಯಾರ್ಥಿ ಬರೆದುಕೊಳ್ಳಲಿ. ಲೈನ್ಸ್‌ಮನ್‌ಗಳಿಗೆ ಹಿಂದಿನ ದಿನ ಅರ್ಧ ಗಂಟೆ ಅಭ್ಯಾಸ ಮಾಡಿಸಿ, ಇಲ್ಲದಿದ್ದರೆ ಅಭ್ಯಾಸಬಲದಿಂದ ಬಾವುಟ ಏಳುವುದೇ ಇಲ್ಲ.

ಚೆಂಡು ಮಾತ್ರ ಇಂದಿನದೇ ಇರಲಿ. ಹಳೆಯ ಚರ್ಮದ ಚೆಂಡಿನ ಬಾಯನ್ನು ದಾರದಿಂದ ಹೊಲಿದಿರುತ್ತಿದ್ದರು, ಆ ದಾರ ಹಣೆಗೆ ಬಿದ್ದರೆ ಗಾಯ. ನೆನೆದರಂತೂ ಚರ್ಮ ನೀರು ಕುಡಿದು ಭಾರವಾಗುತ್ತಿತ್ತು. ಅಂಥ ಚೆಂಡು ಸಿಕ್ಕರೆ ಮೇಜಿನ ಮೇಲೆ ಪ್ರದರ್ಶನಕ್ಕಿಡಿ.

ಪ್ರಶ್ನೆ: ಚಾಂಪಿಯನ್ ಆದ ಮರುವರ್ಷವೇ ತಂಡ ಒಡೆದದ್ದು ಏಕೆ?
(ಚಿಂತಾಮಣಿ)

ಉತ್ತರ: ದುಡ್ಡು, ಅಮೆರಿಕ, ನೆಮ್ಮದಿ, ಮೂರೂ ಸೇರಿ. 1924ರಲ್ಲಿ ಆಸ್ಟ್ರಿಯಾದ ಲೀಗ್ ವೃತ್ತಿಪರವಾಯಿತು, ಅಂದರೆ ಪ್ರತಿ ತಿಂಗಳು ಸಂಬಳ ಕೊಡಬೇಕು. ಲೀಗಿನ ಟಿಕೆಟ್ ಹಣದಲ್ಲಿ ಅದು ಏಳುವುದಿಲ್ಲ. ಹಕೋಆಗೆ ಬೇರೆ ಕ್ಲಬ್ಬುಗಳಿಗಿಲ್ಲದ ಒಂದು ಅನುಕೂಲವಿತ್ತು: ಹೋದ ಊರಲ್ಲೆಲ್ಲ ಯಹೂದಿ ಪ್ರೇಕ್ಷಕರು ಟಿಕೆಟ್ ಕೊಳ್ಳುತ್ತಿದ್ದರು. ಹಾಗಾಗಿ ಪ್ರವಾಸವೇ ಅದರ ಖಜಾನೆ. 1926ರ ಅಮೆರಿಕ ಪ್ರವಾಸದಲ್ಲಿ ಮೇ 1ರಂದು ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನಲ್ಲಿ 46,000 ಜನ ಸೇರಿದರು. ಆ ದೇಶದ ಫುಟ್‌ಬಾಲ್‌ನಲ್ಲಿ ಆ ಸಂಖ್ಯೆಯನ್ನು ಮೀರಲು 1970ರ ದಶಕ ಬರಬೇಕಾಯಿತು.

ಪ್ರವಾಸ ಕ್ಲಬ್ಬಿನ ಪೆಟ್ಟಿಗೆ ತುಂಬಿಸಿತು, ತಂಡವನ್ನು ಬರಿದು ಮಾಡಿತು. ಅಮೆರಿಕನ್ ಲೀಗಿನ ಮಾಲೀಕರು ಡಾಲರ್ ಹಿಡಿದು ನಿಂತಿದ್ದರು. ಮೈದಾನದ ಸುತ್ತ ಯಹೂದಿದ್ವೇಷದ ಕೂಗು ಅಲ್ಲಿ ಕಡಿಮೆ ಎಂಬುದನ್ನೂ ಆಟಗಾರರು ನೋಡಿದ್ದರು. ಗುಟ್‌ಮನ್ ಸೇರಿದಂತೆ ಹಲವರು ಅಲ್ಲೇ ಉಳಿದರು. ಅವರಲ್ಲಿ ಕೆಲವರು ಕಟ್ಟಿದ ನ್ಯೂಯಾರ್ಕ್ ಹಕೋಆ 1929ರಲ್ಲಿ ಅಮೆರಿಕದ ರಾಷ್ಟ್ರೀಯ ಕಪ್ ಗೆದ್ದಿತು. ವಿಯೆನ್ನಾದ ಮೂಲ ಹಕೋಆ ಕೆಲವೇ ವರ್ಷಗಳಲ್ಲಿ ಎರಡನೇ ದರ್ಜೆಗೂ ಇಳಿಯಿತು. ಬೇರೆ ಕ್ಲಬ್ ಆಗಿದ್ದರೆ ಪಕ್ಕದ ಬೀದಿಯ ಹುಡುಗನನ್ನು ಸೇರಿಸಿಕೊಳ್ಳುತ್ತಿತ್ತು. ಒಂದೇ ಸಮುದಾಯದಿಂದ ಆರಿಸುವ ಕ್ಲಬ್ಬಿಗೆ ಹೊಂಡ ತುಂಬಿಸುವುದು ಕಷ್ಟ. ಅಧ್ಯಾಪಕರ ಮೊದಲ ಪ್ರಶ್ನೆಗೆ ಇದೂ ಒಂದು ಉತ್ತರ.

ಪ್ರಶ್ನೆ: ಗುಟ್‌ಮನ್ ಶಾಪ ನಿಜವೇ?
(ಸಿರಾ)

ಉತ್ತರ: ನಿಜವಾದದ್ದು ಇಷ್ಟು: ಗುಟ್‌ಮನ್ ತರಬೇತಿಯಲ್ಲಿ ಪೋರ್ಚುಗಲ್ಲಿನ ಬೆನ್ಫಿಕಾ ಕ್ಲಬ್ 1961 ಮತ್ತು 1962ರಲ್ಲಿ ಯುರೋಪಿಯನ್ ಕಪ್ ಗೆದ್ದಿತು, ಆಮೇಲೆ ಎಂಟು ಯುರೋಪಿಯನ್ ಫೈನಲ್ ಸೋತಿದೆ, ಕೊನೆಯದು 2014ರಲ್ಲಿ. ಸಂಬಳ ಹೆಚ್ಚಿಸದ ಸಿಟ್ಟಿಗೆ ‘ನೂರು ವರ್ಷ ಗೆಲ್ಲಲ್ಲ’ ಎಂದನಂತೆ ಎಂಬುದು ದಂತಕಥೆ. ಫೈನಲ್ ಸೋಲಲು ಶಾಪ ಬೇಕಿಲ್ಲ, ಎದುರಿಗೆ ಒಳ್ಳೆಯ ತಂಡವಿದ್ದರೆ ಸಾಕು.

ಪ್ರಶ್ನೆ: 1938ರಲ್ಲಿ ಕ್ಲಬ್ಬಿಗೆ ಏನಾಯಿತು? ನಮ್ಮ ಗ್ರಂಥಾಲಯದಲ್ಲಿ ಈ ಬಗ್ಗೆ ಭಿತ್ತಿಪತ್ರ ಪ್ರದರ್ಶನ ಇಡುತ್ತಿದ್ದೇವೆ, ಏನು ಎಚ್ಚರ ವಹಿಸಬೇಕು?
(ಗೌರಿಬಿದನೂರು)

ಉತ್ತರ: 1938ರ ಮಾರ್ಚ್ 12ರಂದು ಜರ್ಮನ್ ಸೈನ್ಯ ಆಸ್ಟ್ರಿಯಾ ಪ್ರವೇಶಿಸಿತು. ಹಕೋಆ ಕ್ಲಬ್ಬನ್ನು ವಿಸರ್ಜಿಸಲಾಯಿತು, ಪ್ರಾಟರ್ ಬಯಲಿನಲ್ಲಿದ್ದ ಮೈದಾನವನ್ನು ಕಿತ್ತುಕೊಳ್ಳಲಾಯಿತು, ಆ ಋತುವಿನ ಅದರ ಫಲಿತಾಂಶಗಳನ್ನು ಪಟ್ಟಿಯಿಂದ ಅಳಿಸಲಾಯಿತು. ಅದಕ್ಕೂ ಎರಡು ವರ್ಷ ಮೊದಲು ಹಕೋಆ ಈಜುಗಾರ್ತಿ ಯೂಡಿತ್ ಡಾಯ್ಚ್ ಮತ್ತು ಅವಳ ಇಬ್ಬರು ಸಂಗಾತಿಗಳು ಹಿಟ್ಲರನ ಬರ್ಲಿನ್ ಒಲಿಂಪಿಕ್ಸ್‌ಗೆ ಹೋಗುವುದಿಲ್ಲ ಎಂದಿದ್ದರು. ಆಸ್ಟ್ರಿಯಾದ ಈಜು ಸಂಸ್ಥೆ ಅವರನ್ನು ನಿಷೇಧಿಸಿ ದಾಖಲೆಗಳನ್ನೂ ಅಳಿಸಿತ್ತು. ಹೊರಗೆ ಹೋಗಲು ಸಾಧ್ಯವಾದವರು ಹೋದರು. ಸ್ಥಾಪಕ ಲೋನರ್ ಬೇಡಾ 1942ರಲ್ಲಿ ಆಷ್‌ವಿಟ್ಜ್‌ನ ಮೋನೋವಿಟ್ಜ್ ಶಿಬಿರದಲ್ಲಿ ಕೊಲೆಯಾದ. ಚಾಂಪಿಯನ್ ತಂಡದಲ್ಲಿ ಆಡಿದ್ದ ಮ್ಯಾಕ್ಸ್ ಷೋಯರ್ ಕೂಡ ಆಷ್‌ವಿಟ್ಜ್‌ನಿಂದ ಮರಳಲಿಲ್ಲ. ಆಸ್ಟ್ರಿಯಾದ ಸುಮಾರು 65,000 ಯಹೂದಿಯರು ಕೊಲ್ಲಲ್ಪಟ್ಟರು.

ಭಿತ್ತಿಪತ್ರದಲ್ಲಿ ಆಗುವ ಮೊದಲ ತಪ್ಪು ಬಣ್ಣದ್ದು. ಹಕೋಆ ನಕ್ಷತ್ರ ನೀಲಿ ಬಿಳಿಯದು, ಆಟಗಾರರು ಇಷ್ಟಪಟ್ಟು ತೊಟ್ಟದ್ದು. ಹಳದಿ ನಕ್ಷತ್ರ ನಾಜಿಗಳು 1941ರ ಸೆಪ್ಟೆಂಬರ್‌ನಿಂದ ಜರ್ಮನಿ, ಆಸ್ಟ್ರಿಯಾಗಳಲ್ಲಿ ಬಲವಂತವಾಗಿ ತೊಡಿಸಿದ ಗುರುತು. ಅಲಂಕಾರಕ್ಕೆಂದು ಹಳದಿ ಕಾಗದ ಕತ್ತರಿಸಿ ಅಂಟಿಸಿದರೆ ಅರ್ಥ ತಲೆಕೆಳಗಾಗುತ್ತದೆ. ಎರಡನೆಯದು ಸ್ವಸ್ತಿಕ. ಉದ್ಘಾಟನೆಗೆ ರಂಗೋಲಿ ಹಾಕುವವರು ಬಾಗಿಲಲ್ಲಿ ಸ್ವಸ್ತಿಕ ಬರೆಯುವುದು ನಮ್ಮಲ್ಲಿ ಸಹಜ, ತಪ್ಪೂ ಅಲ್ಲ. ಆದರೆ ಈ ಪ್ರದರ್ಶನದ ಫೋಟೋ ಮೊಬೈಲ್‌ಗಳಲ್ಲಿ ಊರೂರು ಸುತ್ತುತ್ತದೆ, ನಮ್ಮ ಸ್ವಸ್ತಿಕಕ್ಕೂ ನಾಜಿಗಳ ಗುರುತಿಗೂ ಇರುವ ವ್ಯತ್ಯಾಸ ಹೊರಗಿನವರಿಗೆ ಹೊಳೆಯುವುದಿಲ್ಲ. ಅಂದು ಬೇರೆ ರಂಗೋಲಿ ಹಾಕಿಸಿ. ಮೂರನೆಯದು, ಶಿಬಿರಗಳ ಶವಗಳ ಚಿತ್ರ. ಮಕ್ಕಳು ಬರುವ ಗ್ರಂಥಾಲಯದಲ್ಲಿ ಅದು ಬೇಕಿಲ್ಲ. ತಂಡದ ಫೋಟೋ, ಪ್ರತಿಯೊಬ್ಬನ ಕೆಳಗೆ ಮುಂದೆ ಅವನಿಗೇನಾಯಿತು ಎಂಬ ಒಂದು ಸಾಲು, ಅಷ್ಟೇ ಸಾಕಷ್ಟು ಹೇಳುತ್ತದೆ. ಅಕ್ಷರ 24 ಪಾಯಿಂಟ್‌ಗಿಂತ ಕಡಿಮೆ ಬೇಡ, ಒಂದು ಹಾಳೆಯಲ್ಲಿ 120 ಪದ ದಾಟಿಸಬೇಡಿ, ಹಾಳೆಯ ನಡುಮಟ್ಟ ನೆಲದಿಂದ 140 ಸೆಂಟಿಮೀಟರ್ ಇರಲಿ. ಭಾರತದ ಕಾನೂನಿನಲ್ಲಿ ಫೋಟೋದ ಹಕ್ಕುಸ್ವಾಮ್ಯ 2012ರ ತಿದ್ದುಪಡಿಯವರೆಗೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇತ್ತು, ಈಗ ತೆಗೆದವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. 1920ರ ದಶಕದಲ್ಲಿ ಪತ್ರಿಕೆಯಲ್ಲಿ ಬಂದ ಚಿತ್ರಗಳ ಅವಧಿ ಹಳೆಯ ನಿಯಮದಲ್ಲೇ ಮುಗಿದಿದೆ, ತೊಂದರೆಯಿಲ್ಲ, ಯಾವ ಪತ್ರಿಕೆ, ಯಾವ ದಿನ ಎಂದು ಕೆಳಗೆ ಬರೆಯಿರಿ.

ಪ್ರಶ್ನೆ: ಯಹೂದಿ ಕ್ಲಬ್ಬುಗಳು ಈಗಲೂ ಇವೆಯೇ? ಅಯಾಕ್ಸ್, ಟಾಟನ್‌ಹ್ಯಾಮ್ ಯಹೂದಿ ಕ್ಲಬ್ ಅಂತಾರಲ್ಲ?
(ಕೋಲಾರ)

ಉತ್ತರ: ಆಮ್‌ಸ್ಟರ್‌ಡ್ಯಾಮಿನ ಅಯಾಕ್ಸ್, ಲಂಡನ್ನಿನ ಟಾಟನ್‌ಹ್ಯಾಮ್ ಎರಡೂ ಅಲ್ಲ. ಯಹೂದಿಯರು ಹೆಚ್ಚಿದ್ದ ಪ್ರದೇಶದ ಪ್ರೇಕ್ಷಕರಿಂದ ಬಂದ ಹಣೆಪಟ್ಟಿ ಅದು. ನಿಜವಾದ ಸಮುದಾಯ ಕ್ಲಬ್ಬುಗಳಲ್ಲಿ ಸಿಡ್ನಿಯ ಹಕೋಆ 1939ರಲ್ಲಿ ಶುರುವಾಗಿ, ಈಸ್ಟರ್ನ್ ಸಬರ್ಬ್ಸ್ ಎಂಬ ಹೆಸರಲ್ಲಿ 1977ರಲ್ಲಿ ಆಸ್ಟ್ರೇಲಿಯಾದ ಮೊದಲ ರಾಷ್ಟ್ರೀಯ ಲೀಗ್ ಗೆದ್ದಿತು, 1987ರಲ್ಲಿ ಆ ಲೀಗಿನಿಂದ ಹೊರನಡೆಯಿತು. ಬರ್ಲಿನ್ನಿನ ಮಕ್ಕಾಬಿ 1970ರಲ್ಲಿ ಮೂರು ಹಳೆಯ ಕ್ಲಬ್ಬುಗಳು ಕೂಡಿ ಆದದ್ದು. ಈಗ ಅದರಲ್ಲಿ ಎಲ್ಲ ಧರ್ಮದವರೂ ಆಡುತ್ತಾರೆ. 2023ರಲ್ಲಿ ಜರ್ಮನ್ ಕಪ್ ಆಡಿದ ಮೊದಲ ಯಹೂದಿ ಕ್ಲಬ್ ಎನಿಸಿತು, ವೋಲ್ಫ್ಸ್‌ಬುರ್ಗ್ ಎದುರು 0-6ರಿಂದ ಸೋತಿತು. ವಿಯೆನ್ನಾದ ಹಕೋಆ 1945ರಲ್ಲಿ ಮತ್ತೆ ಶುರುವಾಯಿತು, ಫುಟ್‌ಬಾಲ್ ವಿಭಾಗ ಮಾತ್ರ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಪ್ರಾಟರ್‌ನಲ್ಲಿ ಹಳೆಯ ಮೈದಾನದ ಬಳಿ ಜಾಗ ಸಿಕ್ಕಿ 2008ರಲ್ಲಿ ಹೊಸ ಕ್ರೀಡಾ ಕೇಂದ್ರ ತೆರೆಯಿತು.

ಪ್ರಶ್ನೆ: ಗಣಿ ಕಾಲದ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಫೋಟೋ, ಮಿನಿಟ್ಸ್ ಪುಸ್ತಕ, ಶೀಲ್ಡ್‌ಗಳು ಒಬ್ಬರ ಮನೆಯ ಅಟ್ಟದಲ್ಲಿವೆ. ಗೆದ್ದಲು ಹತ್ತುತ್ತಿದೆ. ಏನು ಮಾಡಬೇಕು? ಕ್ಲಬ್ ನೋಂದಣಿಯೂ ಸತ್ತುಹೋಗಿದೆ.
(ಊರಿಗಾಂ, ಕೆಜಿಎಫ್)

ಉತ್ತರ: ಮೊದಲು ಅಟ್ಟದಿಂದ ಇಳಿಸಿ. ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ 15 ಸೆಂಟಿಮೀಟರ್ ಎತ್ತರದ ಕಬ್ಬಿಣದ ಕಪಾಟಿನಲ್ಲಿಡಿ. ನುಸಿಗುಳಿಗೆ ಗೆದ್ದಲನ್ನು ತಡೆಯುವುದಿಲ್ಲ. ಗೆದ್ದಲು ಹಿಡಿದ ಪುಸ್ತಕವನ್ನು ಬೇರೆ ಮಾಡಿ, ಮೆತ್ತನೆಯ ಬ್ರಷ್‌ನಿಂದ ಹೊರಗೆ ಕೊಡವಿ. ಒದ್ದೆಯಾದ ಹಾಳೆಗಳ ನಡುವೆ ಬ್ಲಾಟಿಂಗ್ ಪೇಪರ್ ಇಟ್ಟು ಫ್ಯಾನ್ ಗಾಳಿಗೆ ಒಣಗಿಸಿ, ಬಿಸಿಲಿಗೆ ಹಾಕಿದರೆ ಮುದುರಿ ಶಾಯಿ ಮಾಸುತ್ತದೆ. ಸೆಲ್ಲೋಟೇಪ್, ಲ್ಯಾಮಿನೇಶನ್, ರಬ್ಬರ್ ಬ್ಯಾಂಡ್ ಮೂರನ್ನೂ ದೂರವಿಡಿ. ಟೇಪಿನ ಅಂಟು ಕೆಲವು ವರ್ಷಕ್ಕೆ ಕಂದು ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ, ಲ್ಯಾಮಿನೇಶನ್ ಮತ್ತೆ ಬಿಡಿಸಲಾಗದು.

ಗಾಜಿಗೆ ಅಂಟಿದ ಫೋಟೋವನ್ನು ಕೀಳಬೇಡಿ, ಚಿತ್ರದ ಪದರವೇ ಗಾಜಿಗೆ ಹೋಗುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಉಳಿದವುಗಳಲ್ಲಿ ಪೋಸ್ಟ್‌ಕಾರ್ಡ್ ಗಾತ್ರದ್ದನ್ನು 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ), ಪಾಸ್‌ಪೋರ್ಟ್ ಗಾತ್ರದ್ದನ್ನು 1200 ಡಿಪಿಐನಲ್ಲಿ, ಟಿಫ್ ಫೈಲಾಗಿ. 4 × 6 ಇಂಚಿನ ಒಂದು ಫೋಟೋ ಬಣ್ಣದಲ್ಲಿ ಸುಮಾರು 26 ಎಂಬಿ ಆಗುತ್ತದೆ, 200 ಫೋಟೋಗೆ 5.2 ಜಿಬಿ ಬೇಕು. ಮೂರು ಪ್ರತಿ ಇರಲಿ, ಒಂದು ಬೇರೆ ಊರಿನಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಪ್ರತಿಯಲ್ಲ, ಅದು ಚಿತ್ರವನ್ನು ಕುಗ್ಗಿಸುತ್ತದೆ.

ಹೆಸರುಗಳದ್ದೇ ತುರ್ತು. ಗಣಿ 2001ರಲ್ಲಿ ಮುಚ್ಚಿತು, ಬಲ್ಲವರು ಬೆಂಗಳೂರು, ಚೆನ್ನೈ ಸೇರಿದ್ದಾರೆ. ಪ್ರತಿ ಗುಂಪು ಫೋಟೋದ ಜೆರಾಕ್ಸ್ ಮೇಲೆ ಎಡದಿಂದ ಬಲಕ್ಕೆ ಪ್ರತಿ ತಲೆಗೊಂದು ಸಂಖ್ಯೆ ಹಾಕಿ, ಇಬ್ಬರು ಹಿರಿಯರನ್ನು ಬೇರೆಬೇರೆಯಾಗಿ ಕೇಳಿ. ಒಟ್ಟಿಗೆ ಕೂರಿಸಿದರೆ ಜೋರು ದನಿಯವರ ಹೆಸರೇ ಉಳಿಯುತ್ತದೆ. ಇಬ್ಬರೂ ಒಂದೇ ಹೆಸರು ಹೇಳಿದರೆ ಖಚಿತ ಎಂದು ಬರೆದುಕೊಳ್ಳಿ, ಇಲ್ಲದಿದ್ದರೆ ಎರಡೂ ಹೆಸರು ಬರೆಯಿರಿ. ಮೂಲ ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಅಂಚಿಗೆ ಮಾತ್ರ ಬರೆಯಿರಿ, ಬಾಲ್‌ಪೆನ್ ಒತ್ತಿದರೆ ಮುಖದ ಮೇಲೆ ಗೆರೆ ಮೂಡುತ್ತದೆ. ಮಿನಿಟ್ಸ್ ಪುಸ್ತಕ ಇಂಗ್ಲಿಷ್, ತಮಿಳು, ಕನ್ನಡ ಬೆರೆತಿದ್ದರೆ ಹಾಗೇ ನಕಲು ಮಾಡಿ, ತಿದ್ದಬೇಡಿ.

ನೋಂದಣಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ. ಕನಿಷ್ಠ ಏಳು ಸದಸ್ಯರು, ಉದ್ದೇಶ ಪತ್ರ, ನಿಯಮಾವಳಿ ಬೇಕು. ವಾರ್ಷಿಕ ಸಭೆಯಾದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಸಲ್ಲಿಸಬೇಕು. ಕ್ಲಬ್ಬುಗಳು ಸಾಯುವುದು ಇಲ್ಲೇ, ಸಭೆ ಮಾಡುತ್ತಾರೆ, ಪಟ್ಟಿ ಕೊಡುವುದಿಲ್ಲ. ಹೊಸದಾಗಿ ಏಳು ಜನರ ಹೆಸರಲ್ಲಿ ಅರ್ಜಿ ಹಾಕುವ ಮೊದಲು ಹಳೆಯ ನೋಂದಣಿ ಸಂಖ್ಯೆ ಹಿಡಿದು ಕೋಲಾರದ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಕೇಳಿ: ಬಾಕಿ ವರ್ಷಗಳ ಪಟ್ಟಿ, ದಂಡ ಕಟ್ಟಿ ಹಳೆಯದನ್ನೇ ಊರ್ಜಿತಗೊಳಿಸಲು ಆಗುತ್ತದೆಯೇ ಎಂದು. ಆಗುವುದಾದರೆ ಅದನ್ನೇ ಮಾಡಿ, ಏಕೆಂದರೆ ಮೈದಾನ, ಕೊಠಡಿ, ಬ್ಯಾಂಕ್ ಖಾತೆ ಯಾವುದಿದ್ದರೂ ಅದು ಹಳೆಯ ಸಂಘದ ಹೆಸರಲ್ಲಿರುತ್ತದೆ, ಹೊಸ ಸಂಘಕ್ಕೆ ತಾನಾಗಿ ಬರುವುದಿಲ್ಲ. ವಿಯೆನ್ನಾದವರಿಗೆ ಅರವತ್ತು ವರ್ಷದ ಮೇಲೆ ಪ್ರಾಟರ್‌ಗೆ ಮರಳಲು ಸಾಧ್ಯವಾದದ್ದಕ್ಕೂ 1945ರಲ್ಲೇ ಸಂಘವನ್ನು ಎಬ್ಬಿಸಿ ಉಳಿಸಿಕೊಂಡಿದ್ದು ನೆರವಾಯಿತು. ಮೈದಾನ ಬಳಸಲು ಕೊಟ್ಟ ಹಳೆಯ ಪತ್ರ ಯಾವುದಾದರೂ ಆ ಅಟ್ಟದಲ್ಲಿದ್ದರೆ ಫೋಟೋಗಳಿಗಿಂತ ಮೊದಲು ಅದನ್ನು ಸ್ಕ್ಯಾನ್ ಮಾಡಿ.